ಉಡುಗೊರೆ ಫೋನಿನ ಬೀಗ, ಆರು ತಿಂಗಳ ಪ್ರವಾಸದ ಬಿಲ್ಲು

ವಡೋದರಾದ ದಕ್ಷಿಣ ಭಾಗದ ಮಂಜಲ್‌ಪುರದಲ್ಲಿ ವರ್ಷಕ್ಕೆ ಎರಡು ಸಲ ಸೂಟ್‌ಕೇಸುಗಳ ಓಡಾಟ. ಡಿಸೆಂಬರ್‌ನಿಂದ ಉತ್ತರಾಯಣದ ಗಾಳಿಪಟದವರೆಗೆ ಅಮೆರಿಕ, ಕೆನಡಾ, ಇಂಗ್ಲೆಂಡಿನಿಂದ ಮಕ್ಕಳು ಬರುತ್ತಾರೆ. ಏಪ್ರಿಲ್, ಮೇ ಬಂದು ಬಿಸಿಲು ನಲವತ್ತು ಡಿಗ್ರಿ ದಾಟುವ ಹೊತ್ತಿಗೆ ಅಪ್ಪ ಅಮ್ಮ ಅತ್ತ ಹೊರಡುತ್ತಾರೆ. ಗುಜರಾತಿಗಳ ಮನೆಗಳಲ್ಲಿ ಇದು ಹಳೆಯ ರೂಢಿ. ಮಕರಪುರಾದ ಕಾರ್ಖಾನೆ, ಒಎನ್‌ಜಿಸಿ, ಐಪಿಸಿಎಲ್, ಬ್ಯಾಂಕು ಎಂದು ನೌಕರಿ ಹಿಡಿದು ಬಂದು ಇಲ್ಲೇ ಮನೆ ಮಾಡಿಕೊಂಡ ಕನ್ನಡಿಗರ ಮನೆಗಳಲ್ಲೂ ಈಗ ಅದೇ ಪಂಚಾಂಗ ನಡೆಯುತ್ತಿದೆ. ಬೆಂಗಳೂರಿನ ಜಯನಗರದಲ್ಲೋ ಪುಣೆಯ ಕೋಥ್ರೂಡಿನಲ್ಲೋ ಇರುವ ಓದುಗರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರುವವರ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟಿನ ಜೊತೆ ಅಪ್ಪನಿಗೊಂದು ಫೋನು ಇರುತ್ತದೆ. ಮಗ ಹಳೆಯದನ್ನು ಕೊಟ್ಟು ತಾನು ಹೊಸದು ತೆಗೆದುಕೊಂಡಿರುತ್ತಾನೆ, ಇಲ್ಲವೇ ಅಲ್ಲಿಯ ಹಬ್ಬದ ರಿಯಾಯಿತಿಯಲ್ಲಿ ಅಗ್ಗಕ್ಕೆ ಸಿಕ್ಕಿರುತ್ತದೆ. ಅವನು ವಾಪಸ್ಸು ಹೋದ ಮೇಲೆ ಫೋನಿನಲ್ಲಿ ಮಾತು ಹೀಗೆ ಸಾಗುತ್ತದೆ: "ಅಪ್ಪಾ, ಫೋನು ಹೇಗಿದೆ?" "ಚೆನ್ನಾಗಿದೆ ಕಣೋ, ಆದ್ರೆ ನಮ್ಮ ಸಿಮ್ ತಗೊಳ್ತಾನೇ ಇಲ್ಲ."

ಹೋಗುವವರ ಕಥೆ ಇನ್ನೊಂದು. ಅಮ್ಮ ನ್ಯೂಜೆರ್ಸಿಯಲ್ಲಿ ಇಳಿದು, ವಡೋದರಾದ ನಂಬರಿಗೆ ಬಂದ ನಾಲ್ಕು ಕರೆ ತೆಗೆದು, ಎರಡು ಫೋಟೋ ಕಳಿಸುವಷ್ಟರಲ್ಲಿ ಪ್ರೀಪೇಯ್ಡ್ ಆಗಿದ್ದರೆ ಹಣ ಖಾಲಿ, ಪೋಸ್ಟ್‌ಪೇಯ್ಡ್ ಆಗಿದ್ದರೆ ತಿಂಗಳ ಕೊನೆಗೆ ಬಿಲ್ಲು.

ಇವು ಎರಡು ಬೇರೆ ಬೇರೆ ತೊಂದರೆಗಳೆಂದು ನಾವು ತಿಳಿದಿದ್ದೇವೆ. ಒಂದಕ್ಕೆ ಮೊಬೈಲ್ ಅಂಗಡಿಗೂ ಇನ್ನೊಂದಕ್ಕೆ ಕಸ್ಟಮರ್ ಕೇರಿಗೂ ಹೋಗುತ್ತೇವೆ. ಆದರೆ ಇವೆರಡರ ಬೇರು ಒಂದೇ. ಗಿರಾಕಿ ಕೈಬಿಟ್ಟು ಹೋಗದಂತೆ ಫೋನಿಗೆ ಹಾಕಿದ ಬೀಗ ಮೊದಲನೆಯದು. ಗಿರಾಕಿ ತನ್ನ ಜಾಲ ಬಿಟ್ಟು ಹೊರಗೆ ಕಾಲಿಟ್ಟಾಗ ವಸೂಲಿ ಮಾಡುವ ಸುಂಕ ಎರಡನೆಯದು. ಒಂದನ್ನು ಸರಿಯಾಗಿ ತೆಗೆಸಿದರೆ ಇನ್ನೊಂದರ ಹೊರೆ ಬಹಳ ಮಟ್ಟಿಗೆ ಇಳಿಯುತ್ತದೆ. ಹೇಗೆಂದು ನೋಡೋಣ.

ಬೀಗ ಇರುವುದು ಎಲ್ಲಿ?

ಪ್ರತಿಯೊಂದು ಸಿಮ್‌ನೊಳಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಾವು ಡಯಲ್ ಮಾಡುವ ಹತ್ತು ಅಂಕಿಯ ನಂಬರ್ ಇದಲ್ಲ, ಬೇರೆಯದು. ಅದರ ಮೊದಲ ಮೂರು ಅಂಕಿ ದೇಶವನ್ನೂ ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿಯನ್ನೂ ಹೇಳುತ್ತವೆ. ಭಾರತದ ಸಿಮ್‌ಗಳು 404 ಅಥವಾ 405ರಿಂದ ಶುರುವಾಗುತ್ತವೆ, ಅಮೆರಿಕದ ಬಹುಪಾಲು ಸಿಮ್‌ಗಳು 310 ಅಥವಾ 311ರಿಂದ. ಬೀಗ ಹಾಕಿದ ಫೋನಿನ ತಂತ್ರಾಂಶದಲ್ಲಿ "ಈ ಅಂಕಿಗಳ ಸಿಮ್ ಮಾತ್ರ ಒಪ್ಪಿಕೋ" ಎಂದು ಬರೆದಿಟ್ಟಿರುತ್ತಾರೆ. ನಮ್ಮ ಸಿಮ್ ಹಾಕಿದರೆ ಅದು ಪಟ್ಟಿ ನೋಡಿ ಬೇಡ ಎನ್ನುತ್ತದೆ. ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಕ್ಯಾಮೆರಾ, ವೈಫೈ ಎಲ್ಲ ಸರಿಯಾಗಿ ನಡೆಯುತ್ತವೆ, ಕರೆ ಮಾತ್ರ ಇಲ್ಲ.

ಇದನ್ನು ಬೇರೆ ಬೀಗಗಳ ಜೊತೆ ಕಲಸಿಕೊಳ್ಳಬಾರದು. ಪರದೆಯ ಪಾಸ್‌ವರ್ಡ್ ಬೇರೆ. ಹಳೆಯ ಮಾಲೀಕನ ಆಪಲ್ ಅಥವಾ ಗೂಗಲ್ ಖಾತೆಗೆ ಕಟ್ಟಿಬಿದ್ದ ಬೀಗ ಬೇರೆ, ಅದನ್ನು ಅವನೇ ತನ್ನ ಖಾತೆಯಿಂದ ತೆಗೆಯಬೇಕು. ಕಳವಾಗಿದೆ ಎಂದು ದೂರು ದಾಖಲಾಗಿ ಕಪ್ಪುಪಟ್ಟಿಗೆ ಸೇರಿದ ಫೋನು ಇನ್ನೂ ಬೇರೆ. "ಅನ್‌ಲಾಕ್ ಮಾಡಿಕೊಡಿ" ಎಂದು ಅಂಗಡಿಯಲ್ಲಿ ಕೇಳುವ ಮೊದಲು ಯಾವ ಬೀಗ ಎಂಬುದು ನಮಗೇ ಗೊತ್ತಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ಕಂಪನಿಗಳು ಈ ಬೀಗಕ್ಕೆ ಕೊಡುವ ಕಾರಣ ಪೂರ್ತಿ ಸುಳ್ಳೇನಲ್ಲ. ಅಮೆರಿಕದಲ್ಲಿ ಫೋನನ್ನು ಪೂರ್ತಿ ಹಣ ಕೊಟ್ಟು ಕೊಳ್ಳುವವರು ಕಡಿಮೆ. ಸೇವಾ ಕಂಪನಿಯೇ ಬೆಲೆ ಇಳಿಸಿ ಅಥವಾ ಎರಡು, ಮೂರು ವರ್ಷದ ಕಂತು ಮಾಡಿ ಕೊಡುತ್ತದೆ. ಕಂತು ತೀರುವ ಮೊದಲೇ ಗಿರಾಕಿ ಇನ್ನೊಬ್ಬರ ಸಿಮ್ ಹಾಕಿಕೊಂಡು ಹೋಗಬಾರದು ಎಂದು ಬೀಗ. 2007ರಲ್ಲಿ ಮೊದಲ ಐಫೋನ್ ಎಟಿ ಅಂಡ್ ಟಿ ಜಾಲಕ್ಕೆ ಮಾತ್ರ ಬೀಗ ಹಾಕಿಕೊಂಡು ಬಂತು. ಎರಡು ತಿಂಗಳೊಳಗೆ ಜಾರ್ಜ್ ಹಾಟ್ಜ್ ಎಂಬ 17 ವರ್ಷದ ಹುಡುಗ ಅದನ್ನು ಬಿಡಿಸಿ ತೋರಿಸಿದ.

ಭಾರತದ ಲೆಕ್ಕ ಬೇರೆ. ಇಲ್ಲಿ ಫೋನು ಒಂದು ಅಂಗಡಿಯಲ್ಲಿ, ಸಿಮ್ ಇನ್ನೊಂದು ಅಂಗಡಿಯಲ್ಲಿ ಕೊಳ್ಳುವುದೇ ರೂಢಿ. ಹಾಗಾಗಿ ಬೀಗದ ಅನುಭವ ನಮಗೆ ಕಡಿಮೆ. ಇರಲೇ ಇಲ್ಲವೆಂದಲ್ಲ. 2003ರಲ್ಲಿ 501 ರೂಪಾಯಿಗೆ ಕೈಗೆ ಬಂದ ರಿಲಯನ್ಸ್ ಇನ್ಫೋಕಾಂನ ಸಿಡಿಎಂಎ ಫೋನು ಆ ಜಾಲ ಬಿಟ್ಟು ಬೇರೆಲ್ಲೂ ನಡೆಯುತ್ತಿರಲಿಲ್ಲ. 2017ರ ಜಿಯೋಫೋನಿಗೆ ಜಿಯೋ ಸಿಮ್ ಮಾತ್ರ ಒಗ್ಗುತ್ತಿತ್ತು. ಇವೆರಡೂ ಅಗ್ಗದ ಫೋನುಗಳು, ಬೀಗಕ್ಕೆ ಒಂದು ಅರ್ಥವಿತ್ತು. ಆದರೆ 2008ರ ಆಗಸ್ಟ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಫೋನ್ 3ಜಿ ತಂದವು. ಅಮೆರಿಕದಲ್ಲಿ ಎರಡು ವರ್ಷದ ಕರಾರಿನ ಮೇಲೆ 199 ಡಾಲರಿಗೆ ಸಿಗುತ್ತಿದ್ದ ಅದೇ ಫೋನಿಗೆ ಇಲ್ಲಿ 31,000 ರೂಪಾಯಿ, ಅಷ್ಟು ಕೊಟ್ಟ ಮೇಲೂ ಬೀಗ. ಆ ಮಾದರಿ ಇಲ್ಲಿ ಬೇರೂರದೆ ಹೋದದ್ದು ನಮ್ಮ ಪುಣ್ಯ.

ಬೀಗ ತೆಗೆಸುವುದು ಯಾರ ಹಕ್ಕು?

ತಾನೇ ಕೊಂಡ ಫೋನಿನ ಬೀಗ ತೆಗೆಯುವುದು ಅಮೆರಿಕದಲ್ಲಿ ಕೆಲ ಕಾಲ ಅಪರಾಧವೇ ಆಗಿತ್ತು. ಅಲ್ಲಿಯ ಕೃತಿಸ್ವಾಮ್ಯ ಕಾನೂನಿನಡಿ ಲೈಬ್ರರಿ ಆಫ್ ಕಾಂಗ್ರೆಸ್ ಕೊಡುತ್ತಿದ್ದ ವಿನಾಯಿತಿ ನಿಂತುಹೋಗಿ, 2013ರ ಜನವರಿ 26ರಿಂದ ಕಂಪನಿಯ ಅನುಮತಿಯಿಲ್ಲದೆ ಹೊಸ ಫೋನಿನ ಬೀಗ ತೆಗೆಯುವುದು ಕಾನೂನುಬಾಹಿರವಾಯಿತು. ಜನ ಸುಮ್ಮನಿರಲಿಲ್ಲ. 1,14,000ಕ್ಕೂ ಹೆಚ್ಚು ಮಂದಿ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಕಾಯಿದೆಯಿಂದ ಆ ಹಕ್ಕು ಮರಳಿ ಬಂತು. ಕೆನಡಾ ಇನ್ನೂ ಮುಂದೆ ಹೋಯಿತು: 2017ರ ಡಿಸೆಂಬರ್ 1ರಿಂದ ಅಲ್ಲಿ ಬೀಗವಿಲ್ಲದ ಫೋನನ್ನೇ ಮಾರಬೇಕು, ಹಳೆಯ ಫೋನಿನ ಬೀಗ ತೆಗೆಯಲು ಶುಲ್ಕ ಕೇಳುವಂತಿಲ್ಲ. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಬೀಗ ಹಾಕಿದ ಫೋನು ಮಾರುವುದಕ್ಕೆ ನಿಷೇಧವಿದೆ.

ಹಾಗಾಗಿ ಟೊರಾಂಟೊದ ಮಗಳು, ಲಂಡನ್ನಿನ ಅಳಿಯ ಈಚೆಗೆ ಕೊಂಡು ತಂದ ಫೋನಿನಲ್ಲಿ ಸಾಮಾನ್ಯವಾಗಿ ಈ ತೊಡಕಿಲ್ಲ. ತೊಡಕು ಇರುವುದು ಅಮೆರಿಕದ ಫೋನಿನಲ್ಲಿ. ಅಲ್ಲಿ ಬೀಗ ಹಾಕುವುದು ಈಗಲೂ ನಡೆಯುತ್ತದೆ, ತೆಗೆಯಲು ಷರತ್ತುಗಳಿವೆ: ಫೋನಿನ ಹಣ ಪೂರ್ತಿ ತೀರಿರಬೇಕು, ಇಂತಿಷ್ಟು ದಿನ ಅದೇ ಜಾಲದಲ್ಲಿ ಬಳಸಿರಬೇಕು, ಕಳವಿನ ದೂರು ಇರಬಾರದು. ಎಷ್ಟು ದಿನ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ತಿಂಗಳ ಬಿಲ್ಲು ಕಟ್ಟುವವರಿಗೆ ಒಂದೆರಡು ತಿಂಗಳು ಎಂಬಂತಿದ್ದರೆ, ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಅಗ್ಗದ ಪ್ರೀಪೇಯ್ಡ್ ಫೋನುಗಳಿಗೆ ಆರು ತಿಂಗಳು, ಒಂದು ವರ್ಷವೂ ಇರುವುದುಂಟು. "ಎಷ್ಟು ಅಗ್ಗಕ್ಕೆ ಸಿಕ್ಕಿತು ನೋಡು" ಎಂದು ತಂದ ಫೋನೇ ಇಲ್ಲಿ ಹೆಚ್ಚು ಕಾಡುವುದು.

ಇಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಒಂದಿದೆ. ಬೀಗ ತೆಗೆಸುವ ಕೆಲಸ ಫೋನು ಅಲ್ಲಿಂದ ಹೊರಡುವ ಮೊದಲೇ ಆಗಬೇಕು. ಮನವಿ ಸಲ್ಲಿಸಬೇಕಾದವರು ಖಾತೆದಾರರು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಆ ಕಂಪನಿಯ ಜಾಲದಲ್ಲಿ ಇದ್ದಾಗಲೇ ಕೆಲಸ ಸುಲಭವಾಗಿ ಮುಗಿಯುತ್ತದೆ. ಮಂಜಲ್‌ಪುರಕ್ಕೆ ಬಂದ ಮೇಲೆ, ಖಾತೆ ಮುಚ್ಚಿದ ಮೇಲೆ, ಮಗ ಅಲ್ಲಿಯ ಕಸ್ಟಮರ್ ಕೇರಿನವರ ಜೊತೆ ರಾತ್ರಿಯೆಲ್ಲ ಮಾತಾಡಬೇಕಾಗುತ್ತದೆ. ಅಲ್ಲೇ ಮಾಡಿಸಿದರೆ ಒಂದು ರೂಪಾಯಿಯೂ ಬೇಡ.

ಪರೀಕ್ಷೆ ಸುಲಭ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದರೆ "ಕ್ಯಾರಿಯರ್ ಲಾಕ್" ಎಂಬ ಸಾಲಿದೆ. ಅದರ ಎದುರು "ನೋ ಸಿಮ್ ರಿಸ್ಟ್ರಿಕ್ಷನ್ಸ್" ಎಂದಿದ್ದರೆ ಬೀಗವಿಲ್ಲ. ಬೇರೆ ಫೋನುಗಳಿಗೆ ಇನ್ನೊಂದು ಕಂಪನಿಯ ಸಿಮ್ ಹಾಕಿ ನೋಡುವುದೇ ದಾರಿ. "ನೆಟ್‌ವರ್ಕ್ ಅನ್‌ಲಾಕ್ ಪಿನ್" ಕೇಳಿದರೆ ಬೀಗ ಇದೆ ಎಂದರ್ಥ.

ಮಾರುಕಟ್ಟೆಯ ದಾರಿಗಳು

ವಡೋದರಾದಲ್ಲಿ ಫೋನಿನ ವಿಷಯಕ್ಕೆ ಜನ ಹೋಗುವುದು ಹಳೆಯ ಊರಿನ ಮರೀಮಾತಾನೋ ಖಾಂಚೋ ಗಲ್ಲಿಗೆ. ಬೆಂಗಳೂರಿನವರಿಗೆ ನ್ಯಾಷನಲ್ ಮಾರ್ಕೆಟ್, ಎಸ್.ಪಿ. ರೋಡ್ ಹೇಗೋ ಹಾಗೆ. ಒಡೆದ ಪರದೆ, ಸತ್ತ ಬ್ಯಾಟರಿಗೆ ಇಂಥ ಗಲ್ಲಿಗಳಲ್ಲಿ ಕೈಚಳಕದ ಹುಡುಗರಿದ್ದಾರೆ. ಬೀಗದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು.

ಒಂದು ಬಗೆ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಪಡೆದು ಮಧ್ಯವರ್ತಿಗಳ ಮೂಲಕ ಬೀಗ ತೆಗೆಸುವುದು. ಕೆಲಸ ಆದರೂ ಆಯಿತು, ಮುಂಗಡ ಹೋದರೂ ಹೋಯಿತು. ಇನ್ನೊಂದು, ಸಿಮ್‌ನ ಕೆಳಗೆ ಉಗುರಿನಷ್ಟು ತೆಳ್ಳಗಿನ ಚಿಪ್ ಇಟ್ಟು ಫೋನಿಗೆ "ಇದು ನಿಮ್ಮದೇ ಕಂಪನಿಯ ಸಿಮ್" ಎಂದು ನಂಬಿಸುವುದು. ಇಲ್ಲಿ ಬೀಗ ಹೋಗುವುದಿಲ್ಲ, ಮೋಸಹೋಗುತ್ತದೆ ಅಷ್ಟೆ. ಮುಂದಿನ ತಂತ್ರಾಂಶ ಅಪ್‌ಡೇಟ್ ಬಂದ ದಿನ ಮತ್ತೆ ಸಿಗ್ನಲ್ ಮಾಯವಾಗಬಹುದು. ಮೂರನೆಯ ದಾರಿ ಐಎಂಇಐ ಸಂಖ್ಯೆಯನ್ನೇ ಬದಲಿಸುವುದು. ಇದಕ್ಕೆ ಯಾರೂ ಒಪ್ಪಬಾರದು. 2023ರ ದೂರಸಂಪರ್ಕ ಕಾಯಿದೆಯ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. *#06# ಒತ್ತಿದರೆ ಬರುವ 15 ಅಂಕಿಗಳು ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ತಾಳೆಯಾಗಬೇಕು. 2023ರ ಮೇ ತಿಂಗಳಲ್ಲಿ ಶುರುವಾದ ಸರ್ಕಾರದ ಸಂಚಾರ್ ಸಾಥಿ ಸೇವೆಯಲ್ಲಿ ಆ ಸಂಖ್ಯೆ ಕೊಟ್ಟು ಫೋನಿನ ಪೂರ್ವಾಪರ ವಿಚಾರಿಸಬಹುದು.

ಬೀಗವೇ ಇಲ್ಲದ ಫೋನಿನಲ್ಲೂ ಈಗ ಹೊಸದೊಂದು ಫಜೀತಿ ಇದೆ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಕಂಡಿಯೇ ಇಲ್ಲ, ಇ-ಸಿಮ್ ಮಾತ್ರ. ಅಪ್ಪ ಹಳೆಯ ಫೋನಿನಿಂದ ಸಿಮ್ ತೆಗೆದು ಕೈಯಲ್ಲಿ ಹಿಡಿದು, ಹೊಸ ಫೋನನ್ನು ನಾಲ್ಕೂ ಕಡೆ ತಿರುಗಿಸಿ ನೋಡುತ್ತಾರೆ! ಏರ್‌ಟೆಲ್, ಜಿಯೋ, ವಿ ಕಂಪನಿಗಳಲ್ಲಿ ಇರುವ ನಂಬರನ್ನೇ ಇ-ಸಿಮ್ ಮಾಡಿಸಿಕೊಳ್ಳಬಹುದು. ಬಿಎಸ್‌ಎನ್‌ಎಲ್ ಈ ದಾರಿಗೆ ಬಂದದ್ದು 2025ರಲ್ಲಿ. ಆದರೆ ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ತಡೆಹಿಡಿಯುವ ನಿಯಮವಿದೆ. ಆದ್ದರಿಂದ ಪ್ರಯಾಣದ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಇ-ಸಿಮ್ ಮಾಡಿಕೊಡುತ್ತೇವೆ ಎಂದು ತಾವಾಗಿಯೇ ಫೋನು ಮಾಡಿದವರಿಗೆ ಒಟಿಪಿ ಕೊಡಬೇಡಿ. ನಂಬರ್ ಅವರ ಫೋನಿಗೆ ಹೋದರೆ ಬ್ಯಾಂಕು ಖಾತೆಯೂ ಹೋದಂತೆ.

ವಾಪಿ ದಾಟಿದರೆ ರೋಮಿಂಗ್ ಇದ್ದ ಕಾಲ

ಇನ್ನು ಸುಂಕದ ಮಾತು. ಇದರಲ್ಲಿ ಹೊರನಾಡ ಕನ್ನಡಿಗರಿಗೆ ಪಾಠ ಹೇಳಬೇಕಾದವರು ಯಾರೂ ಇಲ್ಲ, ವರ್ಷಗಟ್ಟಲೆ ಕಟ್ಟಿದವರೇ ನಾವು.

ವಡೋದರಾಕ್ಕೂ ಕರ್ನಾಟಕಕ್ಕೂ ದೂರವಾಣಿಯ ಒಂದು ನಂಟಿದೆ. ಇಲ್ಲಿಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ ಸ್ಯಾಮ್ ಪಿತ್ರೋಡಾ ಮುಂದೆ ನಿಂತು ಕಟ್ಟಿದ ಸಿ-ಡಾಟ್ ಸಂಸ್ಥೆ, ಹಳ್ಳಿಗಳಿಗೆಂದು ತಯಾರಿಸಿದ ಚಿಕ್ಕ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಎಸ್‌ಟಿಡಿ ಬೂತಿನ ಕೆಂಪು ಅಂಕಿ ಓಡುವುದನ್ನು ನೋಡುತ್ತ ಊರಿಗೆ ಮಾತಾಡಿದ ತಲೆಮಾರಿಗೆ, ದೂರ ಹೆಚ್ಚಿದಷ್ಟೂ ದುಡ್ಡು ಹೆಚ್ಚು ಎಂಬುದು ಪ್ರಕೃತಿ ನಿಯಮದಂತೆ ಕಂಡಿತ್ತು.

ಮೊಬೈಲು ಬಂದಾಗ ದೇಶವನ್ನು ಸರ್ಕಲ್‌ಗಳಾಗಿ ಹಂಚಿ ಲೈಸೆನ್ಸ್ ಕೊಟ್ಟರು. ಗುಜರಾತ್ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಮೊದಮೊದಲು ಒಳಬರುವ ಕರೆಗೂ ದುಡ್ಡು. 2003ರ ಮೇ 1ರಿಂದ ಸ್ವಂತ ಸರ್ಕಲ್‌ನಲ್ಲಿ ಅದು ತಪ್ಪಿತು, ಹೊರಗೆ ಹೋದರೆ ತಪ್ಪಲಿಲ್ಲ. ವಡೋದರಾದಿಂದ ಬೆಂಗಳೂರಿನ ರೈಲು ಹತ್ತಿದರೆ ವಾಪಿ ದಾಟುತ್ತಿದ್ದಂತೆ ಮಹಾರಾಷ್ಟ್ರದ ಜಾಲ, ಮೀರಜ್ ದಾಟಿ ಬೆಳಗಾವಿ ಹತ್ತಿರವಾದರೆ ಕರ್ನಾಟಕದ ಜಾಲ. ಒಂದೊಂದು ಕಡೆಯೂ "ಸ್ವಾಗತ" ಎಂಬ ಎಸ್ಸೆಮ್ಮೆಸ್. ಅದರ ಅರ್ಥ, ಇನ್ನು ಕರೆ ತೆಗೆದರೂ ದುಡ್ಡು. ಗಡಿಯ ಕನ್ನಡಿಗರ ಪಾಡು ಇನ್ನೂ ವಿಚಿತ್ರ. ಕಾಸರಗೋಡು ಕೇರಳ ಸರ್ಕಲ್, ಮಂಗಳೂರು ಕರ್ನಾಟಕ ಸರ್ಕಲ್, ತಲಪಾಡಿಯಲ್ಲಿ ರಸ್ತೆ ದಾಟಿದರೆ ರೋಮಿಂಗ್. ಬೆಂಗಳೂರಿನ ಪಕ್ಕದ ಹೊಸೂರಿನವರೂ ಹಾಗೆಯೇ. ಜನ ಎರಡು ಸಿಮ್ ಇಟ್ಟುಕೊಂಡರು, ಮಿಸ್ಡ್ ಕಾಲ್ ಭಾಷೆ ಕಲಿತರು. ಊರಿನಲ್ಲಿ ಸಾವಾದರೂ ಮೊದಲು ಒಂದು ಮಿಸ್ಡ್ ಕಾಲ್ ಬರುತ್ತಿತ್ತು.

ಅದು ಹೋದದ್ದು ಹಂತ ಹಂತವಾಗಿ. ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2007ರಲ್ಲಿ, 2013ರಲ್ಲಿ ದರ ಇಳಿಸಿತು. 2015ರ ಮೇ 1ರಿಂದ ರೋಮಿಂಗ್‌ನಲ್ಲಿ ಒಳಬರುವ ಕರೆಯ ಗರಿಷ್ಠ ದರವನ್ನು ನಿಮಿಷಕ್ಕೆ 75 ಪೈಸೆಯಿಂದ 45 ಪೈಸೆಗೆ ತಂದಿತು. ಆ ಜೂನ್ 15ರಿಂದ ಬಿಎಸ್‌ಎನ್‌ಎಲ್ ಒಳಬರುವ ಕರೆಯನ್ನು ಉಚಿತ ಮಾಡಿತು. ಜುಲೈ 3ರಿಂದ ಕರ್ನಾಟಕದ ನಂಬರನ್ನು ಗುಜರಾತಿಗೇ ವರ್ಗಾಯಿಸಿಕೊಳ್ಳಲು ಅವಕಾಶ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ರೋಮಿಂಗ್ ಶುಲ್ಕವಿಲ್ಲದೆ ಕಣಕ್ಕಿಳಿಯಿತು, 2017ರ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ಕೈಬಿಟ್ಟಿತು. ಈಗ ಹುಡುಗರಿಗೆ ಸರ್ಕಲ್ ಎಂದರೆ ಚೌಕದ ವೃತ್ತ ಅಷ್ಟೆ.

ಯುರೋಪಿನಲ್ಲೂ ಹೀಗೇ ಆಯಿತು. 2007ರಲ್ಲಿ ಐರೋಪ್ಯ ಒಕ್ಕೂಟ ರೋಮಿಂಗ್ ಕರೆಗೆ ಮಿತಿ ಹಾಕಿತು: ಹೊರಹೋಗುವ ಕರೆಗೆ ನಿಮಿಷಕ್ಕೆ 49 ಸೆಂಟ್, ಒಳಬರುವುದಕ್ಕೆ 24 ಸೆಂಟ್. 2017ರ ಜೂನ್ 15ರಿಂದ ಒಕ್ಕೂಟದೊಳಗೆ ಹೆಚ್ಚುವರಿ ಶುಲ್ಕವೇ ಹೋಯಿತು. ಎರಡೂ ಕಡೆ ಸುಂಕ ಬಿದ್ದದ್ದು ಒಂದೇ ಕಾರಣಕ್ಕೆ. ಕೊಡುವ ಕಂಪನಿ, ಪಡೆಯುವ ಕಂಪನಿ ಎರಡೂ ಒಬ್ಬನೇ ಯಜಮಾನನ ಮಾತು ಕೇಳಬೇಕಿತ್ತು.

ಭಾರತ ಮತ್ತು ಅಮೆರಿಕದ ನಡುವೆ ಅಂಥ ಯಜಮಾನನಿಲ್ಲ. ಅಲ್ಲಿಯ ಕಂಪನಿ ನಮ್ಮ ಕಂಪನಿಗೆ ಎಷ್ಟು ಸಗಟು ದರ ಹಾಕಬೇಕೆಂದು ಟ್ರಾಯ್ ಹೇಳಲಾಗದು. ನಮ್ಮ ಕಂಪನಿ ನಮಗೆ ಹಾಕುವ ಅಂತರರಾಷ್ಟ್ರೀಯ ರೋಮಿಂಗ್ ದರವನ್ನೂ ಟ್ರಾಯ್ ಕಂಪನಿಗಳಿಗೇ ಬಿಟ್ಟಿದೆ. ಹಾಗಾಗಿ ವಾಪಿಯಲ್ಲಿ ಬಿದ್ದ ಸುಂಕದ ಕಟ್ಟೆ ಸಮುದ್ರದಾಚೆ ಇನ್ನೂ ನಿಂತಿದೆ.

ಪಕ್ಕದ ಕೋಣೆಯ ಕರೆ

ಆ ಸುಂಕ ಹೇಗೆ ಬೀಳುತ್ತದೆಂದು ಒಂದು ಉದಾಹರಣೆಯಲ್ಲಿ ನೋಡಿ. ಅಮ್ಮ ನ್ಯೂಜೆರ್ಸಿಯಲ್ಲಿದ್ದಾರೆ, ಫೋನಿನಲ್ಲಿ ವಡೋದರಾದ ಸಿಮ್ ಇದೆ. ಮಂಜಲ್‌ಪುರದ ಪಕ್ಕದ ಮನೆಯ ಭಾಭಿ ಕರೆ ಮಾಡುತ್ತಾರೆ. ಭಾಭಿಗೆ ಅದು ಮಾಮೂಲಿ ಕರೆ. ಗುಜರಾತಿನ ಜಾಲ ಅಮ್ಮ ಎಲ್ಲಿದ್ದಾರೆಂದು ದಾಖಲೆ ನೋಡಿ, ಕರೆಯನ್ನು ಅಮೆರಿಕಕ್ಕೆ ಅಟ್ಟುತ್ತದೆ. ಆ ಸಾಗರದಾಚೆಯ ಖರ್ಚು ಅಮ್ಮನ ತಲೆಗೆ. ಈಗ ಮಗನೇ ಪಕ್ಕದ ಕೋಣೆಯಿಂದ ಅಮ್ಮನ ಇಂಡಿಯಾ ನಂಬರಿಗೆ ಕರೆ ಮಾಡಿದ ಎನ್ನಿ. ಕರೆ ಭಾರತಕ್ಕೆ ಹೋಗಿ ಮತ್ತೆ ಅಮೆರಿಕಕ್ಕೆ ಬರುತ್ತದೆ. ಮಗನಿಗೆ ವಿದೇಶಿ ಕರೆಯ ದರ, ಅಮ್ಮನಿಗೆ ರೋಮಿಂಗ್ ದರ. ಇಬ್ಬರ ನಡುವೆ ಇರುವುದು ಒಂದೇ ಗೋಡೆ.

ಡೇಟಾ ಕೂಡ ಸಾಮಾನ್ಯವಾಗಿ ತವರಿನ ಜಾಲದ ಮೂಲಕವೇ ಸುತ್ತಿ ಬರುತ್ತದೆ. ಪ್ಯಾಕ್ ಇಲ್ಲದವರಿಗೆ ಅದರ ದರ ಅಷ್ಟಷ್ಟು ಕಿಲೋಬೈಟಿಗೆ ಇಷ್ಟು ಎಂದಿರುತ್ತದೆ. 10 ಕಿಲೋಬೈಟಿಗೆ 5 ರೂಪಾಯಿ ಎಂದು ಇಟ್ಟುಕೊಳ್ಳಿ, ಅಗ್ಗ ಎನಿಸುತ್ತದೆ. ಒಂದು ಎಂಬಿಗೆ ಅದು ಸುಮಾರು 500 ರೂಪಾಯಿ. ಮೂರು ಎಂಬಿಯ ಒಂದು ನಯಾಗರಾ ಫೋಟೋಗೆ 1,500. ನಾವು ಫೋನು ಮುಟ್ಟದೇ ಇದ್ದರೂ ಒಳಗಿನ ಆ್ಯಪ್‌ಗಳು ತಮ್ಮಷ್ಟಕ್ಕೆ ಡೇಟಾ ಎಳೆಯುತ್ತಲೇ ಇರುತ್ತವೆ.

ಇದಕ್ಕೆಂದೇ ಕಂಪನಿಗಳು ದಿನದ, ಹತ್ತು ದಿನದ, ತಿಂಗಳ ಪ್ಯಾಕ್ ಮಾರುತ್ತವೆ. ಒಂದು ವಾರದ ಸಿಂಗಾಪುರ ಪ್ರವಾಸಕ್ಕೆ ಅವು ಸರಿಯೇ. ಆರು ತಿಂಗಳ ಬಾಣಂತನಕ್ಕೆ ಹೊರಟವರಿಗಲ್ಲ. ದಿನಕ್ಕೆ 600 ರೂಪಾಯಿ ಲೆಕ್ಕ ಹಿಡಿದರೂ 180 ದಿನಕ್ಕೆ 1,08,000 ರೂಪಾಯಿ, ವಿಮಾನದ ಟಿಕೆಟ್ಟಿಗೆ ಸಮ.

ಬೀಗವಿಲ್ಲದ ಫೋನಿನ ಬೆಲೆ ತಿಳಿಯುವುದು ಇಲ್ಲಿ. ಎರಡು ಸಿಮ್ ಹಿಡಿಯುವ, ಬೀಗವಿಲ್ಲದ ಫೋನಿದ್ದರೆ ಅಲ್ಲಿಯ ಸಿಮ್ಮನ್ನೋ ಇ-ಸಿಮ್ಮನ್ನೋ ಒಂದರಲ್ಲಿ ಹಾಕಿ ಡೇಟಾ, ಕರೆ ಎಲ್ಲ ಅದರಲ್ಲೇ ನಡೆಸಬಹುದು. ಮಗನ ಫ್ಯಾಮಿಲಿ ಪ್ಲಾನಿಗೆ ಒಂದು ಲೈನ್ ಸೇರಿಸಿದರೆ ಇನ್ನೂ ಸುಲಭ. ವಡೋದರಾದ ಸಿಮ್ ಇನ್ನೊಂದರಲ್ಲಿ ಸುಮ್ಮನೆ ಕುಳಿತು, ಬ್ಯಾಂಕಿನ ಎಸ್ಸೆಮ್ಮೆಸ್ಸಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ವಾಟ್ಸ್ಆ್ಯಪ್ ಹಳೆಯ ನಂಬರಿನಲ್ಲೇ ಮುಂದುವರಿಯುತ್ತದೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ 2022ರಲ್ಲಿ ಹಳೆಯ 3ಜಿ ಜಾಲಗಳನ್ನು ಮುಚ್ಚಿದರು. ಈಗ ಕರೆಯೂ 4ಜಿಯಲ್ಲೇ ಹೋಗಬೇಕು. ಭಾರತದಲ್ಲಿ ಕೊಂಡ ಎಲ್ಲ ಫೋನುಗಳೂ ಅಲ್ಲಿಯ ಎಲ್ಲ ಕಂಪನಿಗಳಿಗೂ ಒಗ್ಗುವುದಿಲ್ಲ. ಎಟಿ ಅಂಡ್ ಟಿ ತಾನು ಒಪ್ಪುವ ಫೋನುಗಳ ಪಟ್ಟಿಯನ್ನೇ ಇಟ್ಟಿದೆ. ಹೊರಡುವ ಮೊದಲು ಫೋನಿನ ಐಎಂಇಐ ಮಗನಿಗೆ ಕಳಿಸಿ, ಅವನ ಕಂಪನಿಯ ತಾಣದಲ್ಲಿ ಹಾಕಿ ನೋಡಲು ಹೇಳಿ.

90 ದಿನ, ಮತ್ತೆ 90 ದಿನ

ಬಿಲ್ಲಿಗಿಂತ ದೊಡ್ಡ ನಷ್ಟ ಒಂದಿದೆ, ಅದು ನಂಬರ್ ಹೋಗುವುದು. ದುಬಾರಿ ಎಂದು ಹೆದರಿ ಕೆಲವರು ಇಲ್ಲಿಯ ಸಿಮ್ ತೆಗೆದು ಬೀರುವಿನಲ್ಲಿಟ್ಟು ಹೋಗುತ್ತಾರೆ. ಸಂದರ್ಶಕರಾಗಿ ಹೋದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು, ಹತ್ತಿರ ಹತ್ತಿರ 180 ದಿನ. ಟ್ರಾಯ್ ನಿಯಮದಂತೆ ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಇದ್ದರೆ ಕಂಪನಿ ರದ್ದು ಮಾಡಬಹುದು. ರದ್ದಾದ ನಂಬರನ್ನು ಮುಂದಿನ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಎರಡನ್ನೂ ಕೂಡಿಸಿ ನೋಡಿ. ಮೊಮ್ಮಗುವನ್ನು ಆಡಿಸಿ ವಾಪಸ್ಸು ಬರುವ ಹೊತ್ತಿಗೆ ಇಪ್ಪತ್ತು ವರ್ಷದ ನಂಬರ್ ಬೇರೆಯವರ ಜೇಬು ಸೇರುವ ಅಂಚಿನಲ್ಲಿರುತ್ತದೆ.

ಆ ನಂಬರಿಗೆ ಬ್ಯಾಂಕು, ಆಧಾರ್, ಗ್ಯಾಸು, ವಿಮೆ, ನವೆಂಬರ್‌ನಲ್ಲಿ ಪಿಂಚಣಿಯ ಜೀವನ್ ಪ್ರಮಾಣ್ ಎಲ್ಲ ಕಟ್ಟಿಕೊಂಡಿವೆ. ಹೊಸ ನಂಬರ್ ಜೋಡಿಸಲು ಪ್ರತಿಯೊಂದು ಕಡೆಯೂ ಹಳೆಯ ನಂಬರಿನ ಒಟಿಪಿ ಕೇಳುತ್ತಾರೆ, ಇಲ್ಲವೇ ಖುದ್ದು ಬನ್ನಿ ಎನ್ನುತ್ತಾರೆ. ಎಪ್ಪತ್ತರ ವಯಸ್ಸಿನಲ್ಲಿ ಆ ಕಚೇರಿ ಈ ಕಚೇರಿ ಅಲೆಯುವುದು ಯಾರಿಗೂ ಬೇಡ.

ಇದಕ್ಕೂ ನಿಯಮದಲ್ಲೇ ದಾರಿಯಿದೆ. ಪ್ರೀಪೇಯ್ಡ್ ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ, 90 ದಿನದ ನಂತರ ಅದನ್ನು ಕಡಿದುಕೊಂಡು 30 ದಿನ ಮುಂದಕ್ಕೆ ಹಾಕಬೇಕೆಂಬುದು 2013ರ ನಿಯಮ. ಅದು ನಂಬರನ್ನು ಉಳಿಸುತ್ತದೆಯೇ ಹೊರತು, ಪ್ಲಾನಿನ ಅವಧಿ ಮುಗಿದರೆ ಒಟಿಪಿ ಬಾರದೇ ಹೋಗಬಹುದು. ಆದ್ದರಿಂದ ಅವಧಿ ಉದ್ದವಿರುವ ಪ್ಲಾನ್ ಹಾಕಿಸಿಕೊಂಡೇ ಹೊರಡುವುದು ಲೇಸು. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಲಾನನ್ನೂ ಕಂಪನಿಗಳು ಇಡಲೇಬೇಕೆಂದು ಹೇಳಿ, ಅಂಥ ಪ್ಲಾನಿನ ಅವಧಿಯ ಮಿತಿಯನ್ನು 365 ದಿನಕ್ಕೆ ಏರಿಸಿತು. ದರಪಟ್ಟಿಯಲ್ಲಿ ಅದು ಕೆಳಗೆಲ್ಲೋ ಅಡಗಿರುತ್ತದೆ, ಕೇಳಿ ಹಾಕಿಸಿಕೊಳ್ಳಬೇಕು.

ಹೊರಡುವ ಮುನ್ನ

1. ಮಕ್ಕಳು ಫೋನು ತರುವ ಮಾತಾಡಿದ ದಿನವೇ ಕೇಳಿ: ಬೀಗ ಇದೆಯೇ, ಕಂತು ಬಾಕಿ ಇದೆಯೇ, ಸಿಮ್ ಕಂಡಿ ಇದೆಯೇ? ಬೀಗ ಅಲ್ಲೇ ತೆಗೆಸಲಿ.

2. ಇಲ್ಲಿಯ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಭಾರತದಲ್ಲಿ ಇರುವಾಗಲೇ ಚಾಲೂ ಮಾಡಿಸಿ. ಅದು ಇಲ್ಲದಿದ್ದರೆ ಅಲ್ಲಿ ಸಿಗ್ನಲ್ಲೇ ಬಾರದು, ಒಟಿಪಿಯೂ ಇಲ್ಲ. ಒಳಬರುವ ಎಸ್ಸೆಮ್ಮೆಸ್ ಉಚಿತವೇ ಎಂದು ಆಗಲೇ ಕೇಳಿಕೊಳ್ಳಿ.

3. ವಿಮಾನ ಹತ್ತುವ ಮೊದಲು ಇಲ್ಲಿಯ ಸಿಮ್‌ನ ಡೇಟಾ ರೋಮಿಂಗ್ ಆರಿಸಿ. ಅಹಮದಾಬಾದಿನಿಂದ ಹೊರಟವರು ಬಹಳ ಮಂದಿ ದುಬೈ, ದೋಹಾ, ಅಬುಧಾಬಿಯಲ್ಲಿ ಇಳಿದು ಹತ್ತುತ್ತಾರೆ. ಅಮೆರಿಕದ ಪ್ಯಾಕ್ ಅಲ್ಲಿಗೆ ಅನ್ವಯಿಸದೇ ಇರಬಹುದು. ವಿಮಾನದೊಳಗಿನ, ಹಡಗಿನ ಜಾಲಗಳಂತೂ ತೀರಾ ದುಬಾರಿ.

4. ದುಬೈ ನಿಲ್ದಾಣದಲ್ಲಿ ವೈಫೈ ಸಿಕ್ಕರೂ ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲ, ಸಂದೇಶ ಮಾತ್ರ ಹೋಗುತ್ತದೆ. "ತಲುಪಿದೆವು" ಎಂದು ಬರೆದು ಕಳಿಸಲು ಅಮ್ಮನಿಗೆ ಮೊದಲೇ ಹೇಳಿಕೊಡಿ.

5. ಇಂಡಿಯಾ ನಂಬರಿಗೆ ಕರೆ ಮಾಡಬೇಡಿ, ವಾಟ್ಸ್ಆ್ಯಪಿಗೇ ಮಾಡಿ ಎಂದು ನೆಂಟರಿಗೂ ಅಕ್ಕಪಕ್ಕದವರಿಗೂ ತಿಳಿಸಿ.

6. ಮಗನ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಒಂದು ಚೀಟಿಯಲ್ಲೂ ದೊಡ್ಡದಾಗಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ.

ಕಂಪನಿಗಳ ದರ, ಪ್ಯಾಕು, ಷರತ್ತುಗಳು ತಿಂಗಳಿಗೊಮ್ಮೆ ಬದಲಾಗುತ್ತವೆ. ಹೊರಡುವ ವಾರ ಮತ್ತೊಮ್ಮೆ ವಿಚಾರಿಸಬೇಕು. ಈ ಕೆಲಸಗಳಲ್ಲಿ ಯಾವುದೂ ಕಷ್ಟದ್ದಲ್ಲ, ಆದರೆ ಎಲ್ಲವೂ ಇಂಗ್ಲಿಷ್ ಪರದೆಯ ಮೇಲೆ, ಸಣ್ಣ ಅಕ್ಷರದಲ್ಲಿ ಇವೆ. ಫೋನು ಕೊಡಿಸುವಾಗ ಮಕ್ಕಳು ದುಡ್ಡಿಗೆ ಹಿಂದೆಮುಂದೆ ನೋಡುವುದಿಲ್ಲ. ಅದರ ಜೊತೆ ಅಪ್ಪ ಅಮ್ಮನ ಪಕ್ಕ ಒಂದು ಗಂಟೆ ಕೂತು ಈ ಆರು ಕೆಲಸ ಮಾಡಿಕೊಟ್ಟು ಹೋದರೆ, ಹೊಸ ಫೋನಿಗಿಂತ ಅದೇ ಹೆಚ್ಚು ದಿನ ಬಾಳುತ್ತದೆ.